ನಿಧಾನವಾಗಿ ಓದಬೇಕಾದ ರಕ್ತಪಿಶಾಚಿ ಕಾದಂಬರಿ: ‘ದ ಹಿಸ್ಟಾರಿಯನ್’ ಓದುವ ಬಗೆ

ಅಮೆರಿಕದ ಲೇಖಕಿ ಎಲಿಜಬೆತ್ ಕೊಸ್ಟೋವಾ ಹತ್ತು ವರ್ಷ ಹಿಡಿದು ಬರೆದ ‘ದ ಹಿಸ್ಟಾರಿಯನ್’ ಕಾದಂಬರಿ 2005ರಲ್ಲಿ ಪ್ರಕಟವಾಯಿತು. ಡ್ರಾಕುಲಾನ ಕಥೆ ಎಂಬ ಮಾತು ಕೇಳಿ, ಒಂದೆರಡು ರಾತ್ರಿಗಳಲ್ಲಿ ಮೈ ನಡುಗಿಸಿ ಮುಗಿದುಹೋಗುವ ಪುಸ್ತಕವೆಂದು ಭಾವಿಸಿ ಇದನ್ನು ಕೈಗೆತ್ತಿಕೊಂಡವರು ಮೊದಲ ನೂರು ಪುಟ ದಾಟುವಷ್ಟರಲ್ಲಿ ತಾಳ್ಮೆ ಕಳೆದುಕೊಳ್ಳುವುದುಂಟು. ಆರುನೂರು ಪುಟಗಳನ್ನು ಮೀರಿದ ಈ ಕೃತಿಯಲ್ಲಿ ರಕ್ತಪಿಶಾಚಿ ನೇರವಾಗಿ ಎದುರಾಗುವ ಪುಟಗಳು ಬಹಳ ಕಡಿಮೆ. ಉಳಿದ ಜಾಗವನ್ನೆಲ್ಲ ಗ್ರಂಥಾಲಯಗಳು, ಹಳೆಯ ನಕ್ಷೆಗಳು, ಕ್ರೈಸ್ತ ಮಠಗಳು, ರೈಲು ಪ್ರಯಾಣಗಳು, ಪತ್ರಗಳು ಮತ್ತು ಪತ್ರಗಳೊಳಗಿನ ಪತ್ರಗಳು ತುಂಬಿಕೊಂಡಿವೆ. ಇಲ್ಲಿನ ಮುಖ್ಯ ಪಾತ್ರಗಳು ವಿದ್ವಾಂಸರು. ಅವರಿಗೆ ಭಯ ಮೊದಲು ಬರುವುದು ಕಾಗದದ ಮೂಲಕ: ಓದಬಾರದ ಒಂದು ಸಾಲನ್ನು ಓದಿದಾಗ, ಹುಡುಕುತ್ತಿದ್ದ ಕಡತ ಇರಬೇಕಾದ ಜಾಗದಲ್ಲಿ ಇಲ್ಲದಿದ್ದಾಗ, ತಮಗಿಂತ ಮೊದಲೇ ಯಾರೋ ಅದೇ ಪುಸ್ತಕವನ್ನು ತೆಗೆಸಿ ನೋಡಿದ್ದಾರೆಂದು ತಿಳಿದಾಗ. ಈ ಕಾದಂಬರಿಯನ್ನು ಓದುವ ಸರಿಯಾದ ಕ್ರಮವೆಂದರೆ ಆ ವಿದ್ವಾಂಸರ ಪಕ್ಕದ ಕುರ್ಚಿಯಲ್ಲಿ ಕುಳಿತು, ಅವರು ಓದುವ ದಾಖಲೆಯನ್ನು ಅವರಷ್ಟೇ ಎಚ್ಚರದಿಂದ ಓದುವುದು. ಅದಕ್ಕೆ ಬೇಕಾದ ಸಿದ್ಧತೆ ಹೆಚ್ಚೇನೂ ಇಲ್ಲ, ಆದರೆ ಸ್ವಲ್ಪವಾದರೂ ಬೇಕು.

ಮೊದಲನೆಯದಾಗಿ, ಪುಸ್ತಕ ತೆರೆಯುವ ಮುನ್ನ ನಿಜವಾದ ಡ್ರಾಕುಲಾ ಯಾರೆಂದು ತಿಳಿದುಕೊಂಡಿರಬೇಕು. ಕಾದಂಬರಿ ಈ ವಿವರಗಳನ್ನು ಕೊಡುತ್ತದೆಯಾದರೂ ತುಂಡುತುಂಡಾಗಿ, ಬೇರೆಬೇರೆ ಬಾಯಿಗಳಿಂದ ಕೊಡುತ್ತದೆ. ಮೊದಲೇ ಒಂದು ಚೌಕಟ್ಟು ತಲೆಯಲ್ಲಿದ್ದರೆ ಆ ತುಂಡುಗಳು ತಾವಾಗಿ ಜಾಗ ಹಿಡಿದು ಕೂರುತ್ತವೆ. ಇಂದಿನ ರೊಮೇನಿಯಾದ ದಕ್ಷಿಣ ಭಾಗದಲ್ಲಿದ್ದ ವಲಾಕಿಯಾ ಎಂಬ ಸಣ್ಣ ಸಂಸ್ಥಾನದ ದೊರೆ ಮೂರನೆಯ ವ್ಲಾಡ್. ಅವನ ತಂದೆ ಎರಡನೆಯ ವ್ಲಾಡ್, ಹಂಗೇರಿಯ ದೊರೆ ಸಿಗಿಸ್ಮಂಡ್ 1408ರಲ್ಲಿ ಸ್ಥಾಪಿಸಿದ್ದ ಡ್ರ್ಯಾಗನ್ ಪಂಥ ಎಂಬ ಸರದಾರರ ಕೂಟಕ್ಕೆ 1431ರಲ್ಲಿ ನ್ಯೂರೆಂಬರ್ಗ್ ನಗರದಲ್ಲಿ ಸೇರಿದ. ಅದರಿಂದ ಅವನಿಗೆ ಡ್ರಾಕುಲ್ ಎಂಬ ಅಡ್ಡಹೆಸರು ಬಂತು, ಮಗನಿಗೆ ಡ್ರಾಕುಲಾ ಎಂಬ ಹೆಸರು ಅಂಟಿಕೊಂಡಿತು. ಹುಡುಗನಾಗಿದ್ದಾಗಲೇ ವ್ಲಾಡ್ ಮತ್ತು ಅವನ ತಮ್ಮ ರಾಡು ಇಬ್ಬರೂ ತಂದೆಯ ನಿಷ್ಠೆಗೆ ಒತ್ತೆಯಾಗಿ ಆಟೋಮನ್ ಸುಲ್ತಾನನ ಆಸ್ಥಾನದಲ್ಲಿ ಇರಬೇಕಾಯಿತು. ತಮ್ಮ ಅಲ್ಲಿಯವರಿಗೆ ಹತ್ತಿರದವನಾದ, ಅಣ್ಣ ಶತ್ರುವಾಗಿ ಹೊರಬಂದ. 1453ರಲ್ಲಿ ಆಟೋಮನ್ ಸುಲ್ತಾನ ಎರಡನೆಯ ಮೆಹಮದ್ ಕಾನ್‌ಸ್ಟಾಂಟಿನೋಪಲ್ ನಗರವನ್ನು ಗೆದ್ದುಕೊಂಡದ್ದನ್ನು ನಾವೆಲ್ಲ ಹತ್ತನೆಯ ತರಗತಿಯ ಸಮಾಜ ವಿಜ್ಞಾನದಲ್ಲಿ, ಯುರೋಪಿಯನ್ನರು ಭಾರತಕ್ಕೆ ಸಮುದ್ರಮಾರ್ಗ ಹುಡುಕಿದ ಕಾರಣವಾಗಿ ಓದಿದ್ದೇವೆ. ಈ ಕಾದಂಬರಿಯನ್ನು ಓದುವಾಗ ಅದೇ ಇಸವಿಯನ್ನು ಡ್ಯಾನ್ಯೂಬ್ ನದಿಯ ದಡದಲ್ಲಿ ನಿಂತು ನೋಡಬೇಕು. ನಗರ ಬಿದ್ದ ಮೂರು ವರ್ಷಕ್ಕೆ, 1456ರಲ್ಲಿ, ವ್ಲಾಡ್ ವಲಾಕಿಯಾದ ಗದ್ದುಗೆಯಲ್ಲಿ ಗಟ್ಟಿಯಾಗಿ ಕುಳಿತ.

ಅವನು ಜನರನ್ನು ಶೂಲಕ್ಕೇರಿಸಿ ಕೊಲ್ಲಿಸುತ್ತಿದ್ದ ಸಂಗತಿ ಎಲ್ಲರಿಗೂ ಗೊತ್ತು. ಓದುಗರು ಗಮನಿಸಬೇಕಾದದ್ದು, ಆ ಕ್ರೌರ್ಯದ ಬಗ್ಗೆ ನಮಗೆ ಉಳಿದಿರುವ ಸಾಕ್ಷ್ಯ ಎಂಥದು ಎಂಬುದನ್ನು. 1462ರ ಫೆಬ್ರುವರಿಯಲ್ಲಿ ಅವನು ಹಂಗೇರಿಯ ದೊರೆ ಮಥಿಯಾಸ್ ಕೊರ್ವಿನಸನಿಗೆ ಒಂದು ಪತ್ರ ಬರೆದ. ಡ್ಯಾನ್ಯೂಬ್ ದಡದ ದಾಳಿಯಲ್ಲಿ ಯಾವ ಊರಿನಲ್ಲಿ ಎಷ್ಟು ಜನ ಸತ್ತರು ಎಂದು ಊರೂರಿಗೆ ಲೆಕ್ಕ ಕೊಟ್ಟು, ಒಟ್ಟು ಸಂಖ್ಯೆಯನ್ನು 23,800ಕ್ಕೂ ಮೇಲೆ ತೋರಿಸಿದ. ಕೊಲೆಗಾರನೇ ಗುಮಾಸ್ತನಂತೆ ಪಟ್ಟಿ ಬರೆಸಿದ ಈ ಪತ್ರವನ್ನು ಮನಸ್ಸಿನಲ್ಲಿಟ್ಟುಕೊಂಡರೆ, ಕೊಸ್ಟೋವಾ ತನ್ನ ಡ್ರಾಕುಲಾನನ್ನು ದಾಖಲೆಗಳ ನಡುವೆಯೇ ಏಕೆ ಅಡಗಿಸಿದ್ದಾಳೆಂಬುದು ಬೇಗ ಅರ್ಥವಾಗುತ್ತದೆ. ಅದೇ ವರ್ಷದ ಕೊನೆಗೆ ಮಥಿಯಾಸನೇ ಅವನನ್ನು ಸೆರೆಹಿಡಿಸಿ ಹಂಗೇರಿಯಲ್ಲಿ ವರ್ಷಗಟ್ಟಲೆ ಇರಿಸಿಕೊಂಡ. 1476ರಲ್ಲಿ ಅವನು ಮತ್ತೆ ಗದ್ದುಗೆ ಏರಿದರೂ ಕೆಲವೇ ವಾರಗಳಲ್ಲಿ ಹತನಾದ. ತಲೆಯನ್ನು ಕಡಿದು ಸುಲ್ತಾನನಿಗೆ ಕಳುಹಿಸಲಾಯಿತೆಂದೂ, ದೇಹವನ್ನು ಬುಕಾರೆಸ್ಟ್ ಸಮೀಪದ ಸ್ನಾಗೋವ್ ಸರೋವರದ ದ್ವೀಪದಲ್ಲಿರುವ ಮಠದಲ್ಲಿ ಹೂಳಲಾಯಿತೆಂದೂ ಹೇಳಿಕೆ ಇದೆ. 1930ರ ದಶಕದ ಆರಂಭದಲ್ಲಿ ಡಿನು ರೊಸೆಟ್ಟಿ ಎಂಬ ಪುರಾತತ್ತ್ವಜ್ಞ ಅಲ್ಲಿ ಅಗೆದು ನೋಡಿದಾಗ, ಬಲಿಪೀಠದ ಮುಂದಿನ ಸಮಾಧಿ ಎಂದು ಜನ ನಂಬಿದ್ದ ಜಾಗದಲ್ಲಿ ಸಿಕ್ಕದ್ದು ಪ್ರಾಣಿಗಳ ಮೂಳೆಗಳು. ಕಾದಂಬರಿಯ ಇಡೀ ಹುಡುಕಾಟ ನಿಂತಿರುವುದು ಈ ಬರಿದಾದ ಸಮಾಧಿಯ ಮೇಲೆ. ದೇಹ ಸ್ನಾಗೋವಿನಲ್ಲಿ ಇಲ್ಲವಾದರೆ ಎಲ್ಲಿದೆ?

ಇಷ್ಟು ತಿಳಿದ ಮೇಲೆ ಇನ್ನೊಂದು ಎಳೆಯನ್ನು ಬೇರೆಯಾಗಿಯೇ ಹಿಡಿಯಬೇಕು. ಅವನ ಕ್ರೌರ್ಯವನ್ನು ವರ್ಣಿಸಿದ ಸಮಕಾಲೀನ ಕಥನಗಳು ವ್ಲಾಡ್‌ನನ್ನು ರಕ್ತಪಿಶಾಚಿ ಎನ್ನಲಿಲ್ಲ. ಗೋರಿಯಿಂದೆದ್ದು ಬರುವ ರಕ್ತಪಿಶಾಚಿಗಳ ಸುದ್ದಿ ಯುರೋಪಿನ ಪತ್ರಿಕೆಗಳಿಗೆ ಹರಡಿದ್ದು ಹದಿನೆಂಟನೆಯ ಶತಮಾನದಲ್ಲಿ, ಆಸ್ಟ್ರಿಯಾದ ಆಡಳಿತಕ್ಕೆ ಒಳಪಟ್ಟಿದ್ದ ಸರ್ಬಿಯಾದ ಹಳ್ಳಿಗಳಿಂದ. ಆ ಕಥೆಗಳಲ್ಲಿ ಗೋರಿಯಿಂದೆದ್ದವರು ದೊರೆಗಳಲ್ಲ, ಸಾಮಾನ್ಯ ರೈತರು. 1732ರಲ್ಲಿ ಸೇನೆಯ ಶಸ್ತ್ರವೈದ್ಯರು ಒಂದು ಹಳ್ಳಿಗೆ ಹೋಗಿ, ಹೂತ ಶವಗಳನ್ನು ಹೊರತೆಗೆಸಿ, ಯಾವ ಶವ ಕೊಳೆತಿದೆ, ಯಾವುದು ಕೊಳೆತಿಲ್ಲ ಎಂದು ಬರೆದು, ಸಹಿ ಹಾಕಿ ಮೇಲಧಿಕಾರಿಗಳಿಗೆ ಕಳುಹಿಸಿದ ವರದಿ ಇಂದಿಗೂ ಓದಲು ಸಿಗುತ್ತದೆ. 1755ರಲ್ಲಿ ಮಹಾರಾಣಿ ಮರಿಯಾ ತೆರೇಸಾ ಇಂಥ ಶವಗಳನ್ನು ಅಗೆದು ಸುಡುವ ರೂಢಿಯನ್ನು ತಡೆಯಲು ಆಜ್ಞೆ ಹೊರಡಿಸಬೇಕಾಯಿತು. ರಕ್ತಪಿಶಾಚಿ ಆಧುನಿಕ ಯುರೋಪಿಗೆ ಕಾಲಿಟ್ಟದ್ದೇ ಸರ್ಕಾರಿ ಕಾಗದವಾಗಿ ಎನ್ನುವುದನ್ನು ನೆನಪಿಡಿ.

ಈ ಎರಡು ಎಳೆಗಳನ್ನು ಗಂಟು ಹಾಕಿದವನು ಬ್ರಾಮ್ ಸ್ಟೋಕರ್. ತನ್ನ ಕಥೆಯ ಕೋಟೆಯನ್ನು ಇರಿಸಿದ, ವಲಾಕಿಯಾದ ಉತ್ತರಕ್ಕಿರುವ ಟ್ರಾನ್ಸಿಲ್ವೇನಿಯಾಕ್ಕೆ ಅವನು ಹೋದವನೇ ಅಲ್ಲ. 1890ರ ಬೇಸಿಗೆಯಲ್ಲಿ ಇಂಗ್ಲೆಂಡಿನ ವಿಟ್ಬಿ ಎಂಬ ಕಡಲತಡಿಯ ಊರಿನ ಗ್ರಂಥಾಲಯದಲ್ಲಿ, ವಲಾಕಿಯಾ ಕುರಿತು 1820ರಲ್ಲಿ ಅಚ್ಚಾದ ಒಂದು ಪುಸ್ತಕದಿಂದ ಡ್ರಾಕುಲಾ ಎಂಬ ಹೆಸರನ್ನು ತನ್ನ ಟಿಪ್ಪಣಿಗೆ ಬರೆದುಕೊಂಡ. 1897ರಲ್ಲಿ ಪ್ರಕಟವಾದ ಅವನ ‘ಡ್ರಾಕುಲಾ’ ಪೂರ್ತಿಯಾಗಿ ದಿನಚರಿ, ಪತ್ರ, ತಂತಿ ಸಂದೇಶ, ಪತ್ರಿಕಾ ತುಣುಕುಗಳಿಂದ ಕಟ್ಟಿದ ಕಾದಂಬರಿ. ‘ದ ಹಿಸ್ಟಾರಿಯನ್’ ಅದೇ ಕ್ರಮವನ್ನು ಮುಂದಕ್ಕೆ ಒಯ್ಯುತ್ತದೆ. ಹಾಗಾಗಿ ಕೊಸ್ಟೋವಾಳ ಕಾದಂಬರಿಗೆ ಮೊದಲು ಸ್ಟೋಕರನ ಮೊದಲ ನಾಲ್ಕು ಅಧ್ಯಾಯಗಳನ್ನಾದರೂ, ಎಂದರೆ ಕೋಟೆಯಲ್ಲಿ ಸಿಕ್ಕಿಬಿದ್ದ ಜೊನಾಥನ್ ಹಾರ್ಕರನ ದಿನಚರಿಯನ್ನು, ಓದಿಕೊಳ್ಳುವುದು ಒಳ್ಳೆಯದು. ಒಂದು ಸಂಜೆಯ ಕೆಲಸ ಅದು. ಚಲನಚಿತ್ರಗಳಲ್ಲಿ ಕಂಡ ಕಪ್ಪು ನಿಲುವಂಗಿಯ ಆಸಾಮಿಯನ್ನು ಮನಸ್ಸಿನಿಂದ ತೆಗೆದುಹಾಕಲು ಇದಕ್ಕಿಂತ ಒಳ್ಳೆಯ ಉಪಾಯ ನನಗೆ ಕಂಡಿಲ್ಲ.

ಇನ್ನು ಕಾದಂಬರಿಗೆ ಬರೋಣ. ಓದುಗರನ್ನು ಎಡವಿಸುವ ಮೊದಲ ಸಂಗತಿ ಕಾಲ. ಇಲ್ಲಿ ಮೂರು ತಲೆಮಾರು, ಮೂರು ಕಾಲ ಒಂದರೊಳಗೊಂದು ಸೇರಿಕೊಂಡಿವೆ. 1972ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿರುವ ಹದಿನಾರರ ಹುಡುಗಿಯೊಬ್ಬಳು ತಂದೆಯ ಪುಸ್ತಕಗಳ ನಡುವೆ ಒಂದು ಹಳೆಯ ಪುಸ್ತಕವನ್ನೂ ಕೆಲವು ಪತ್ರಗಳನ್ನೂ ಕಾಣುತ್ತಾಳೆ. ಅವಳ ಹೆಸರು ಕೊನೆಯವರೆಗೂ ನಮಗೆ ಗೊತ್ತಾಗುವುದಿಲ್ಲ. ಅವಳ ತಂದೆ ಪಾಲ್ 1950ರ ದಶಕದಲ್ಲಿ ಅಮೆರಿಕದಲ್ಲಿ ಸಂಶೋಧನಾ ವಿದ್ಯಾರ್ಥಿಯಾಗಿದ್ದಾಗಿನ ಕಥೆಯನ್ನು ಮಗಳಿಗೆ ಹೇಳುತ್ತಾನೆ. ಪಾಲ್‌ನ ಗುರು ರೊಸ್ಸಿ 1930ರಲ್ಲಿ ಬರೆದ ಪತ್ರಗಳು ಆ ಕಥೆಯೊಳಗೆ ತೆರೆದುಕೊಳ್ಳುತ್ತವೆ. ಆ ಪತ್ರಗಳ ಒಳಗೆ ಹದಿನೈದನೆಯ ಶತಮಾನದ ಸನ್ಯಾಸಿಗಳ ಕಾಗದಗಳು ಬರುತ್ತವೆ. ಒಂದು ಹಾಳೆಯನ್ನು ಮೂರು ಕಂಬಸಾಲುಗಳಾಗಿ ಗೆರೆ ಎಳೆದು, ತಲೆಯ ಮೇಲೆ 1930, 1954, 1972 ಎಂದು ಬರೆದು ಪುಸ್ತಕದೊಳಗೆ ಇಟ್ಟುಕೊಳ್ಳಿ. ಪ್ರತಿ ಅಧ್ಯಾಯ ಮುಗಿದಾಗ ಯಾರು, ಯಾವ ಊರಿನಲ್ಲಿ, ಏನನ್ನು ಕಂಡರು ಎಂದು ಒಂದೇ ಸಾಲಿನಲ್ಲಿ ಗುರುತು ಹಾಕಿದರೆ ಸಾಕು. ಇನ್ನೂರನೆಯ ಪುಟದ ಹೊತ್ತಿಗೆ ಆ ಹಾಳೆ ನಿಮಗೆ ಪುಸ್ತಕದ ವಿಷಯಸೂಚಿಗಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಕಾಲವನ್ನು ಗುರುತಿಸಲು ಪುಟದ ಮೇಲೆಯೇ ಕೆಲವು ಗುರುತುಗಳಿವೆ. ತಂದೆಯ ಕಥನ ಉದ್ದಕ್ಕೂ ಉದ್ಧರಣ ಚಿಹ್ನೆಗಳೊಳಗೆ ಬರುವುದರಿಂದ, ಪ್ಯಾರಾದ ಮೊದಲಿಗೆ ಆ ಚಿಹ್ನೆ ಇದೆಯೇ ಇಲ್ಲವೇ ಎಂದು ನೋಡುವ ಅಭ್ಯಾಸ ಮಾಡಿಕೊಳ್ಳಿ. ಧ್ವನಿಯನ್ನು ನಂಬಿ ಕಾಲವನ್ನು ಊಹಿಸಲು ಹೋಗಬೇಡಿ, ಏಕೆಂದರೆ ಈ ಕಾದಂಬರಿಯ ನಿಜವಾದ ಕೊರತೆ ಇರುವುದು ಅಲ್ಲಿಯೇ: ಮಗಳು, ತಂದೆ, ಗುರು ಮೂವರೂ ಹೆಚ್ಚುಕಡಿಮೆ ಒಂದೇ ಬಗೆಯ ಸುಸಂಸ್ಕೃತ, ಉದ್ದುದ್ದ ವಾಕ್ಯಗಳಲ್ಲಿ ಮಾತನಾಡುತ್ತಾರೆ. ಲೇಖಕಿ ಇದನ್ನು ಬೇಕೆಂದೇ ಮಾಡಿದ್ದಾಳೆಂದು ವಾದಿಸುವವರಿದ್ದಾರೆ. ವಿದ್ಯೆಯೂ ಗೀಳೂ ಒಬ್ಬರಿಂದ ಒಬ್ಬರಿಗೆ ಬಳುವಳಿಯಾಗಿ ಬರುವ ಕಥೆಯಲ್ಲಿ ಧ್ವನಿಯೂ ಹಾಗೆಯೇ ಬಂದಿದೆ ಎನ್ನಬಹುದು. ನಾನು ಆ ವಾದವನ್ನು ಅರ್ಧ ಒಪ್ಪುತ್ತೇನೆ. ಓದುವಾಗ ಆಗುವ ತೊಡಕಂತೂ ತೊಡಕೇ, ಹಾಳೆಯ ಮೇಲಿನ ಮೂರು ಸಾಲುಗಳು ಅದನ್ನು ಬಗೆಹರಿಸುತ್ತವೆ.

ವೇಗದ ವಿಷಯದಲ್ಲಿ ಕಾದಂಬರಿಯೇ ಒಂದು ಮಾದರಿಯನ್ನು ಕೊಡುತ್ತದೆ. ಪಾಲ್ ತನ್ನ ಕಥೆಯನ್ನು ಮಗಳಿಗೆ ಒಂದೇ ಬಾರಿಗೆ ಹೇಳಿ ಮುಗಿಸುವುದಿಲ್ಲ. ರಾಜತಾಂತ್ರಿಕ ಕೆಲಸಕ್ಕೆಂದು ಯುರೋಪಿನ ಊರೂರು ತಿರುಗುವಾಗ ಮಗಳನ್ನು ಜೊತೆಗೆ ಕರೆದೊಯ್ದು, ಒಂದು ಊರಿನ ಚೌಕದಲ್ಲಿ ಸ್ವಲ್ಪ, ಇನ್ನೊಂದು ಊರಿನ ಬೆಟ್ಟದ ದಾರಿಯಲ್ಲಿ ಸ್ವಲ್ಪ ಹೇಳುತ್ತಾನೆ. ಬಿಸಿಲು ಇಳಿಯತೊಡಗಿದರೆ ಮಾತು ನಿಲ್ಲಿಸುತ್ತಾನೆ. ನೀವೂ ಅವನು ನಿಲ್ಲಿಸಿದ ಕಡೆ ನಿಲ್ಲಿಸಿ. ದಿನಕ್ಕೆ ಎರಡು ಮೂರು ಅಧ್ಯಾಯ, ಅಡೆತಡೆಯಿಲ್ಲದ ಒಂದು ಗಂಟೆ, ಅಷ್ಟು ಸಾಕು. ಬಸ್ಸಿನಲ್ಲಿ ಹತ್ತು ನಿಮಿಷ, ಊಟದ ಬಿಡುವಿನಲ್ಲಿ ಐದು ನಿಮಿಷ ಎಂದು ಹರಿದು ಓದಿದರೆ ಈ ಪುಸ್ತಕ ಏನನ್ನೂ ಕೊಡುವುದಿಲ್ಲ, ಏಕೆಂದರೆ ಇಲ್ಲಿ ವಾತಾವರಣ ಕಟ್ಟಿಕೊಳ್ಳಲು ಇಪ್ಪತ್ತು ಪುಟಗಳಾದರೂ ಬೇಕು, ಕಟ್ಟಿಕೊಂಡದ್ದು ಮೊಬೈಲಿನ ಒಂದೇ ಒಂದು ಸದ್ದಿಗೆ ಚದುರಿಹೋಗುತ್ತದೆ. ಇಂಗ್ಲಿಷಿನಲ್ಲಿ ಓದುವಾಗ ವಾಸ್ತುಶಿಲ್ಪಕ್ಕೆ, ಚರ್ಚಿನ ಆಚರಣೆಗೆ, ಹಸ್ತಪ್ರತಿಗಳಿಗೆ ಸಂಬಂಧಿಸಿದ ಎಷ್ಟೋ ಪದಗಳು ಅಪರಿಚಿತವಾಗಿರುತ್ತವೆ. ಪ್ರತಿಯೊಂದಕ್ಕೂ ನಿಘಂಟು ತೆರೆಯಬೇಕಾಗಿಲ್ಲ. ಒಂದೇ ಪದ ಮೂರನೆಯ ಸಲ ಎದುರಾದಾಗ ನೋಡಿಕೊಂಡರೆ ಆಯಿತು.

ನಿಧಾನ ಎಂದರೆ ಏನೆಂಬುದಕ್ಕೆ ಒಂದು ಸನ್ನಿವೇಶವನ್ನು ಹತ್ತಿರದಿಂದ ನೋಡೋಣ. ವಿದ್ಯಾರ್ಥಿ ಪಾಲ್ ತಡರಾತ್ರಿ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಓದುತ್ತಾ ಕುಳಿತಿದ್ದಾನೆ. ಅವನ ಪುಸ್ತಕಗಳ ನಡುವೆ ಅವನದಲ್ಲದ ಒಂದು ಹಳೆಯ ಪುಸ್ತಕವಿದೆ. ತೆರೆದರೆ ಪುಟಗಳೆಲ್ಲ ಖಾಲಿ. ನಟ್ಟನಡುವೆ ಮಾತ್ರ, ಎರಡು ಪುಟ ಸೇರುವಲ್ಲಿ, ಮರದಚ್ಚಿನಿಂದ ಒತ್ತಿದ ಒಂದು ಡ್ರ್ಯಾಗನ್. ರೆಕ್ಕೆ ಬಿಚ್ಚಿ, ಬಾಲವನ್ನು ಸುತ್ತಿಕೊಂಡು, ಉಗುರುಗಳಲ್ಲಿ ಒಂದು ಪತಾಕೆ ಹಿಡಿದಿದೆ. ಪತಾಕೆಯ ಮೇಲೆ ಹಳೆಯ ಲಿಪಿಯಲ್ಲಿ ‘ಡ್ರಾಕುಲ್ಯಾ’ ಎಂದಿದೆ. ಅವನು ಅದನ್ನು ಮರಳಿಸಲು ಪ್ರಯತ್ನಿಸುತ್ತಾನೆ, ಅದು ಅವನ ಮೇಜಿಗೇ ವಾಪಸಾಗುತ್ತದೆ. ಗುರುವಿಗೆ ತೋರಿಸಲು ಒಯ್ದಾಗ ರೊಸ್ಸಿ ತನ್ನ ಕಪಾಟಿನಿಂದ ಅಂಥದ್ದೇ ಇನ್ನೊಂದು ಪುಸ್ತಕವನ್ನು ಹೊರತೆಗೆಯುತ್ತಾನೆ. ಇಷ್ಟರಲ್ಲಿ ಯಾರೂ ಯಾರ ಕುತ್ತಿಗೆಯನ್ನೂ ಕಚ್ಚಿಲ್ಲ. ಈ ಪುಟಗಳನ್ನು ಓಡಿಸಿ ಓದಿದವರಿಗೆ ಒಂದು ವಿಚಿತ್ರ ಪುಸ್ತಕ ಸಿಕ್ಕಿತು ಎಂಬ ಸುದ್ದಿ ಮಾತ್ರ ದಕ್ಕುತ್ತದೆ. ನಿಂತು ಓದಿದವರಿಗೆ ಬೇರೊಂದು ಪ್ರಶ್ನೆ ಹುಟ್ಟುತ್ತದೆ: ಇದನ್ನು ಇಲ್ಲಿ ತಂದಿಟ್ಟವರು ಯಾರು, ಅವರು ಈಗಲೂ ಈ ಕಟ್ಟಡದೊಳಗೆ ಇದ್ದಾರೆಯೇ? ಕಾದಂಬರಿಯ ಉಳಿದ ಭಯವೆಲ್ಲ ಈ ಪ್ರಶ್ನೆಯಿಂದಲೇ ಕವಲೊಡೆಯುತ್ತದೆ. ಗ್ರಂಥಾಲಯದ ಪ್ರತಿ ದೃಶ್ಯದಲ್ಲೂ ದೀಪ ಎಲ್ಲಿದೆ, ಪಕ್ಕದ ಮೇಜಿನಲ್ಲಿ ಯಾರಿದ್ದಾರೆ, ಗ್ರಂಥಪಾಲಕ ಯಾವ ಕಡೆ ನೋಡುತ್ತಿದ್ದಾನೆ ಎಂಬ ಸಣ್ಣ ವಿವರಗಳನ್ನು ಬಿಡದೆ ಗಮನಿಸಿ.

ಪಕ್ಕದಲ್ಲಿ ಪೂರ್ವ ಯುರೋಪಿನ ಒಂದು ನಕ್ಷೆ ಇರಲಿ. ಹುಡುಕಾಟ ಆಕ್ಸ್‌ಫರ್ಡಿನಿಂದ ಇಸ್ತಾಂಬುಲಿಗೆ, ಅಲ್ಲಿಂದ ಬುಡಾಪೆಸ್ಟಿಗೆ, ಮುಂದೆ ಬಲ್ಗೇರಿಯಾದ ಬೆಟ್ಟಗಳಿಗೆ, ಇನ್ನೊಂದು ಕಡೆ ಫ್ರಾನ್ಸಿನ ಪಿರನೀಸ್ ಪರ್ವತಕ್ಕೆ ಸಾಗುತ್ತದೆ. ಊರುಗಳ ಹೆಸರು ಕೆಲವೊಮ್ಮೆ ಹಳೆಯವು: ಎಮೋನಾ ಎಂದರೆ ಇಂದಿನ ಲ್ಯುಬ್ಲಿಯಾನಾ, ರಗೂಸಾ ಎಂದರೆ ಡುಬ್ರೋವ್ನಿಕ್. ಕೊಸ್ಟೋವಾ ಬಾಲ್ಯದಲ್ಲಿ, ಇದೇ 1972ರ ಸುಮಾರಿಗೆ, ಲ್ಯುಬ್ಲಿಯಾನಾದಲ್ಲಿ ಇದ್ದಳು; ಆಗ ತಂದೆ ಅವಳಿಗೆ ಡ್ರಾಕುಲಾನ ಕಥೆಗಳನ್ನು ಹೇಳುತ್ತಿದ್ದರು. ಊರುಗಳ ವರ್ಣನೆಯಲ್ಲಿ ಕಾಣುವ ಪ್ರೀತಿಗೆ ಆ ಹಿನ್ನೆಲೆಯಿದೆ. ಪ್ರವಾಸದ ವರ್ಣನೆ ಎಂದು ಆ ಪುಟಗಳನ್ನು ಹಾರಿಸುವ ಆಸೆಯಾಗುತ್ತದೆ, ಹಾರಿಸಬೇಡಿ. ಬೆಳಕು, ಕಾಫಿ, ಹಣ್ಣಿನ ತೋಟಗಳ ನಡುವೆ ಕಥೆ ಹೇಳಿದಾಗಲೇ ಕತ್ತಲಿಗೆ ತೂಕ ಬರುತ್ತದೆ.

ಕಾದಂಬರಿಯೊಳಗಿನ ದಾಖಲೆಗಳನ್ನು ಓದುವುದು ಈ ಓದಿನ ಮುಖ್ಯ ಭಾಗ. ಪ್ರತಿ ದಾಖಲೆ ಎದುರಾದಾಗಲೂ ಮೂರು ಪ್ರಶ್ನೆ ಕೇಳಿ: ಇದನ್ನು ಯಾರು ಬರೆದರು, ಯಾರಿಗಾಗಿ ಬರೆದರು, ಏನನ್ನು ಬಿಟ್ಟರು. ಪಾತ್ರಗಳು ಮಾಡುವುದೂ ಇದನ್ನೇ. ರೊಸ್ಸಿ ಇಸ್ತಾಂಬುಲಿನ ದಾಖಲಾಗಾರದಲ್ಲಿ ಮೂರು ನಕ್ಷೆಗಳನ್ನು ಕಾಣುತ್ತಾನೆ. ಒಂದಕ್ಕಿಂತ ಒಂದು ಹೆಚ್ಚು ವಿವರವಾದವು, ಆದರೆ ಯಾವ ಪ್ರದೇಶದ್ದೆಂದು ತಿಳಿಯುವುದಿಲ್ಲ. ಅಲ್ಲಿ ಓದುಗರೂ ಸ್ವಲ್ಪ ಹೊತ್ತು ನಕ್ಷೆಯ ಮುಂದೆ ಕುಳಿತು ಊಹೆ ಮಾಡಬೇಕು, ಮುಂದಿನ ಅಧ್ಯಾಯದ ಉತ್ತರಕ್ಕೆ ಅವಸರಪಡಬಾರದು.

ಈ ಮೂರು ಪ್ರಶ್ನೆಗಳನ್ನು ಕಾದಂಬರಿಯ ಹೊರಗಿನ ಒಂದು ನಿಜವಾದ ದಾಖಲೆಗೆ ಹಾಕಿ ನೋಡಿದರೆ ಅವುಗಳ ಬಲ ತಿಳಿಯುತ್ತದೆ. ವ್ಲಾಡ್ ಸತ್ತ ನಂತರ ಜರ್ಮನ್ ನಗರಗಳಲ್ಲಿ ಅವನ ಕ್ರೌರ್ಯವನ್ನು ವರ್ಣಿಸುವ ಕಿರುಹೊತ್ತಗೆಗಳು ಅಚ್ಚಾದವು. 1499ರ ನ್ಯೂರೆಂಬರ್ಗ್ ಮುದ್ರಣದಲ್ಲಿ ಒಂದು ಮರದಚ್ಚಿನ ಚಿತ್ರವಿದೆ: ಶೂಲಕ್ಕೇರಿಸಿದ ದೇಹಗಳ ಪಕ್ಕದಲ್ಲಿ ಮೇಜು ಹಾಕಿಕೊಂಡು ದೊರೆ ಊಟಕ್ಕೆ ಕುಳಿತಿದ್ದಾನೆ, ಮುಂದೆ ಒಬ್ಬ ಆಳು ಕೊಡಲಿಯಿಂದ ದೇಹಗಳನ್ನು ಕಡಿಯುತ್ತಿದ್ದಾನೆ. ಚಿತ್ರ ಭೀಕರವಾಗಿದೆ, ನೋಡಿದವರು ಮರೆಯಲಾರರು. ಆದರೆ ಈ ಕಥೆಗಳ ಹಿಂದೆ ವ್ಲಾಡ್‌ನಿಂದ ಪೆಟ್ಟು ತಿಂದ ಟ್ರಾನ್ಸಿಲ್ವೇನಿಯಾದ ಜರ್ಮನ್ ವ್ಯಾಪಾರಿ ಪಟ್ಟಣಗಳ ಸಿಟ್ಟು ಇತ್ತು. ಅವನನ್ನು ಸೆರೆಯಲ್ಲಿಟ್ಟ ಮಥಿಯಾಸನಿಗೂ ಅವನು ದುಷ್ಟನೆಂದು ಜಗತ್ತು ನಂಬುವುದು ಬೇಕಾಗಿತ್ತು. ಮುದ್ರಣಯಂತ್ರ ಹೊಸದು, ಭಯಾನಕ ಕಥೆಗಳು ಚೆನ್ನಾಗಿ ಮಾರಾಟವಾಗುತ್ತಿದ್ದವು. ಹಾಗೆಂದು ಕ್ರೌರ್ಯ ಸುಳ್ಳೆಂದಲ್ಲ. ಅವನದೇ 1462ರ ಪತ್ರವನ್ನು ಮೇಲೆ ನೋಡಿದೆವು, ಗ್ರೀಕ್ ಇತಿಹಾಸಕಾರ ಖಾಲ್ಕೊಕೊಂಡಿಲಸ್ ಕೂಡ ಆಟೋಮನ್ ಸೈನ್ಯಕ್ಕೆ ಎದುರಾದ ಶೂಲಗಳ ಕಾಡನ್ನು ವರ್ಣಿಸಿದ್ದಾನೆ. ಪರಸ್ಪರ ಸಂಬಂಧವಿಲ್ಲದ ಆಕರಗಳು ಒಂದೇ ಮಾತು ಹೇಳುವಲ್ಲಿ ನಂಬಬೇಕು, ಒಂದೇ ಆಕರ ಲಾಭಕ್ಕಾಗಿ ಹೇಳುವಲ್ಲಿ ಅನುಮಾನಿಸಬೇಕು. ಆಟೋಮನ್ ಕಡೆಯವರನ್ನು ಕಾದಂಬರಿ ಹೇಗೆ ತೋರಿಸುತ್ತದೆ ಎಂಬುದಕ್ಕೂ ಈ ಎಚ್ಚರ ಬೇಕು. ಇಸ್ತಾಂಬುಲಿನ ಪ್ರಾಧ್ಯಾಪಕ ತುರ್ಗುತ್ ಬೋರಾ ಎಂಬ ಉತ್ಸಾಹಿ, ಸ್ನೇಹಶೀಲ ಪಾತ್ರದ ಮೂಲಕ ಲೇಖಕಿ ಕಥೆಯ ಇನ್ನೊಂದು ಪಕ್ಕವನ್ನೂ ತರುತ್ತಾಳೆ; ಡ್ರಾಕುಲಾ ತನ್ನ ಊರಿನ ಶತ್ರು ಎಂದು ಅವನು ಐದು ಶತಮಾನದ ಹಿಂದಿನದನ್ನು ನಿನ್ನೆಯದೆಂಬಂತೆ ಹೇಳುವ ಪುಟಗಳು ನನಗೆ ಇಡೀ ಪುಸ್ತಕದಲ್ಲೇ ಹೆಚ್ಚು ಪ್ರಿಯವಾದವು.

ಯಾವುದು ನಿಜ, ಯಾವುದು ಕಲ್ಪನೆ ಎಂಬ ಕುತೂಹಲ ಪುಟಪುಟಕ್ಕೂ ಬರುತ್ತದೆ. ಬಂದಾಗಲೆಲ್ಲ ಫೋನ್ ತೆಗೆದು ಹುಡುಕಿದರೆ ಕಾದಂಬರಿಯ ಹಿಡಿತ ತಪ್ಪುತ್ತದೆ, ಜೊತೆಗೆ ಮುಂದೆ ಬರುವ ತಿರುವುಗಳೂ ಮೊದಲೇ ಕಣ್ಣಿಗೆ ಬೀಳುತ್ತವೆ. ಅಂಚಿನಲ್ಲಿ ಪೆನ್ಸಿಲಿನಿಂದ ಒಂದು ಗುರುತು ಹಾಕಿ ಮುಂದೆ ಹೋಗಿ. ಒಂದು ಭಾಗ ಮುಗಿದ ಮೇಲೆ ಗುರುತುಗಳನ್ನೆಲ್ಲ ಒಟ್ಟಿಗೆ ಪರಿಶೀಲಿಸಿ. ಡ್ರ್ಯಾಗನ್ ಪಂಥ, ಸ್ನಾಗೋವ್ ಮಠ, ಬಲ್ಗೇರಿಯಾದ ರೀಲಾ ಮಠ, 1083ರಲ್ಲಿ ಸ್ಥಾಪನೆಯಾದ ಬಾಚ್ಕೊವೊ ಮಠ, ಅಥೋಸ್ ಪರ್ವತದ ಜೊಗ್ರಾಫು ಮಠ ಇವೆಲ್ಲ ನಿಜವಾದವು. ಸುಲ್ತಾನನ ಕಾಲದಿಂದ ಡ್ರಾಕುಲಾನ ವಿರುದ್ಧ ಕಾವಲು ಕಾಯುತ್ತಿರುವ ಗುಪ್ತ ಪಡೆ, ಸನ್ಯಾಸಿಗಳ ಪತ್ರಗಳು, ಹುಡುಕಾಟ ಬಂದು ಮುಟ್ಟುವ ಮಠ ಇವು ಲೇಖಕಿಯ ಸೃಷ್ಟಿ. ಕಲ್ಪಿತ ದಾಖಲೆಗೂ ಅವಳು ನಿಜವಾದ ದಾಖಲೆಯ ಲಕ್ಷಣಗಳನ್ನೆಲ್ಲ ಕೊಡುತ್ತಾಳೆ: ಹರಿದ ಅಂಚು, ಅರ್ಧಕ್ಕೆ ನಿಂತ ವಾಕ್ಯ, ಅನುವಾದಕನ ಟಿಪ್ಪಣಿ.

1954ರ ಭಾಗಗಳನ್ನು ಓದುವಾಗ ಇನ್ನೊಂದು ಭಯವನ್ನೂ ಗಮನಿಸಬೇಕು. ಸ್ಟಾಲಿನ್ ಸತ್ತು ಒಂದು ವರ್ಷವಷ್ಟೇ ಆಗಿದೆ, ಹಂಗೇರಿಯ ದಂಗೆಗೆ ಇನ್ನೂ ಎರಡು ವರ್ಷವಿದೆ. ಅಮೆರಿಕದ ಒಬ್ಬ ಸಂಶೋಧಕ ಕಬ್ಬಿಣದ ಪರದೆಯ ಆಚೆಗಿನ, ಎಂದರೆ ಕಮ್ಯುನಿಸ್ಟ್ ಆಳ್ವಿಕೆಯ ಪೂರ್ವ ಯುರೋಪಿನ, ದಾಖಲಾಗಾರಕ್ಕೆ ಕಾಲಿಡುವುದೇ ಅಪಾಯದ ಕೆಲಸ. ಪಾಲ್ ಮತ್ತು ಅವನ ಸಂಗಾತಿ, ಮಾನವಶಾಸ್ತ್ರದ ವಿದ್ಯಾರ್ಥಿನಿ ಹೆಲೆನ್, ಬುಡಾಪೆಸ್ಟಿನಲ್ಲಿ ವಿಚಾರಸಂಕಿರಣದ ನೆಪ ಹೇಳಬೇಕಾಗುತ್ತದೆ. ಬಲ್ಗೇರಿಯಾದಲ್ಲಿ ಸರ್ಕಾರ ನೇಮಿಸಿದ ಮಾರ್ಗದರ್ಶಿ ನೆರಳಿನಂತೆ ಅಂಟಿಕೊಂಡಿರುತ್ತಾನೆ. ಹಿಂದಿನಿಂದ ಬರುತ್ತಿರುವ ಹೆಜ್ಜೆಯ ಸದ್ದು ಪೊಲೀಸರದೋ, ಸತ್ತವನದೋ ಎಂದು ತಿಳಿಯದ ಸ್ಥಿತಿ ಅದು. ಆ ಕಾಲದ ರಾಜಕೀಯವನ್ನು ಹಿನ್ನೆಲೆಯ ಬಣ್ಣವೆಂದು ಬಿಟ್ಟುಬಿಟ್ಟರೆ ಕಾದಂಬರಿಯ ಅರ್ಧ ಕೈಬಿಟ್ಟಂತೆ. ಜನರ ನೆನಪನ್ನು, ಕಾಗದವನ್ನು, ಚರಿತ್ರೆಯನ್ನು ತನ್ನ ಹಿಡಿತದಲ್ಲಿಟ್ಟುಕೊಳ್ಳಲು ಬಯಸುವ ಅಧಿಕಾರದ ಬಗ್ಗೆ ಲೇಖಕಿ ಹೇಳಬೇಕೆಂದಿರುವ ಮಾತು ಅಲ್ಲಿಯೇ ಇದೆ.

ಬಲ್ಗೇರಿಯಾದ ಭಾಗ ದೀರ್ಘವಾಗಿದೆ, ನಾಲ್ಕುನೂರೈವತ್ತನೆಯ ಪುಟದ ಆಸುಪಾಸಿನಲ್ಲಿ ಹಲವರಿಗೆ ದಣಿವಾಗುವುದು ಸಹಜ. ಅಲ್ಲಿ ಎರಡು ಮೂರು ದಿನ ಬಿಡುವು ಕೊಟ್ಟು ಮತ್ತೆ ಹಿಡಿಯುವುದರಲ್ಲಿ ತಪ್ಪಿಲ್ಲ. ಕನ್ನಡದ ಓದುಗರಿಗೆ ಆ ಭಾಗದಲ್ಲಿ ಒಂದು ವಿಶೇಷ ಲಾಭವಿದೆ. ಹಳ್ಳಿಯ ಹಬ್ಬದಲ್ಲಿ ಸಂತರ ಚಿತ್ರಪಟ ಹೊತ್ತು ಬರಿಗಾಲಲ್ಲಿ ಕೆಂಡದ ಮೇಲೆ ನಡೆಯುವ ನೆಸ್ತಿನಾರಿ ಎಂಬ ಆಚರಣೆ ಅಲ್ಲಿ ಬರುತ್ತದೆ. ಬಲ್ಗೇರಿಯಾದಲ್ಲಿ ಅದು ನಿಜವಾಗಿಯೂ ಇದೆ, 2009ರಲ್ಲಿ ಯುನೆಸ್ಕೊ ಪಟ್ಟಿಗೂ ಸೇರಿದೆ. ಕೊಂಡ ಹಾಯುವುದನ್ನು ನೋಡುತ್ತಾ ಬೆಳೆದ ಮೈಸೂರು, ಚಾಮರಾಜನಗರದ ಕಡೆಯವರು ಆ ಪುಟಗಳನ್ನು ದೂರದ ವಿಚಿತ್ರವೆಂದು ಓದಬೇಕಾಗಿಲ್ಲ. ಹಸ್ತಪ್ರತಿಗಳಲ್ಲಿ ಸಿಗದ ಸುಳಿವು ಹಳ್ಳಿಯ ಮುದುಕಿಯೊಬ್ಬಳ ಹಾಡಿನಲ್ಲಿ ಸಿಗುವ ಸಂಗತಿಯನ್ನು, ಮಂಟೇಸ್ವಾಮಿ, ಮಲೆ ಮಹದೇಶ್ವರರ ಕಾವ್ಯಗಳು ನೀಲಗಾರರ, ದೇವರಗುಡ್ಡರ ಬಾಯಲ್ಲೇ ಬದುಕಿ ಬಂದ ನಾಡಿನವರು ಬೇಗ ನಂಬುತ್ತಾರೆ. ಆ ಹಾಡಿನ ಸಾಲುಗಳನ್ನು ನಿಮ್ಮ ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತವೆ.

ಕೊನೆಯ ನೂರು ಪುಟಗಳ ಬಗ್ಗೆ ಗುಟ್ಟು ಬಿಡದೆ ಹೇಳಬಹುದಾದದ್ದು ಇಷ್ಟು. ಐನೂರು ಪುಟ ಕಾದ ಮೇಲೆ ಬರುವ ಮುಖಾಮುಖಿ ಚಿಕ್ಕದು, ಕೆಲವು ಕಾಕತಾಳೀಯಗಳು ನಂಬಿಕೆಯನ್ನು ಅಗ್ಗವಾಗಿ ಬೇಡುತ್ತವೆ. ದೊಡ್ಡ ಸಮರವನ್ನು ನಿರೀಕ್ಷಿಸಿದವರು ನಿರಾಶರಾಗುತ್ತಾರೆ. ಆದರೆ ಡ್ರಾಕುಲಾನಿಗೆ ಏನು ಬೇಕಾಗಿದೆ, ಅವನು ವಿದ್ವಾಂಸರನ್ನೇ ಏಕೆ ಹುಡುಕುತ್ತಾನೆ ಎಂಬ ಪ್ರಶ್ನೆಯನ್ನು ಮೊದಲಿನಿಂದ ಹಿಡಿದುಕೊಂಡು ಬಂದವರಿಗೆ ಅಲ್ಲಿ ಸಿಗುವ ಉತ್ತರ ತೃಪ್ತಿ ಕೊಡುತ್ತದೆ, ಒಂದಿಷ್ಟು ಅಂಜಿಕೆಯನ್ನೂ ಹುಟ್ಟಿಸುತ್ತದೆ. ಆ ಅಧ್ಯಾಯಗಳನ್ನು ಹಗಲಿನಲ್ಲಿ, ಒಂದೇ ಕೂರುವಿಕೆಯಲ್ಲಿ ಓದಿ. ಅಲ್ಲಿ ಮಾತ್ರ ನಿಧಾನದ ನಿಯಮವನ್ನು ಸಡಿಲಿಸಬಹುದು.

ಪುಸ್ತಕ ಮುಗಿಸಿದ ದಿನವೇ ಮೊದಲ ಪುಟಗಳಲ್ಲಿರುವ ಓದುಗರಿಗೊಂದು ಸೂಚನೆ ಎಂಬ ಟಿಪ್ಪಣಿಗೆ ಹಿಂದಿರುಗಿ. ಮುನ್ನುಡಿಯೆಂದು ಭಾವಿಸಿ ಹೆಚ್ಚಿನವರು ಅದನ್ನು ಮೊದಲ ಸಲ ಸರಸರನೆ ಓದಿ ಬಿಡುತ್ತಾರೆ. ಅದರ ಕೆಳಗೆ 2008ರ ಜನವರಿಯ ತಾರೀಖು ಇದೆ, ಪುಸ್ತಕ ಅಚ್ಚಾದದ್ದು 2005ರಲ್ಲಿ. ಅಲ್ಲಿ ಮಾತನಾಡುತ್ತಿರುವವಳು ಲೇಖಕಿಯಲ್ಲ, ಈಗ ವಯಸ್ಸಾಗಿರುವ, ಸ್ವತಃ ಇತಿಹಾಸಕಾರಳಾಗಿರುವ ಆ ಹೆಸರಿಲ್ಲದ ಮಗಳು. ಅವಳು ಯಾವುದನ್ನು ಹೇಳಿದ್ದಾಳೆ, ಯಾವುದನ್ನು ಮುಚ್ಚಿಟ್ಟಿದ್ದಾಳೆ ಎಂದು ಅದೇ ಮೂರು ಪ್ರಶ್ನೆಗಳೊಂದಿಗೆ ಆ ಟಿಪ್ಪಣಿಯನ್ನೂ ಉಪಸಂಹಾರವನ್ನೂ ಒಟ್ಟಿಗಿಟ್ಟು ಓದಿ. ಆ ನಂತರ ಸ್ಟೋಕರನ ಕಾದಂಬರಿಯನ್ನು ಐದನೆಯ ಅಧ್ಯಾಯದಿಂದ ಮುಂದುವರಿಸಬಹುದು. ಮೀನಾ ಹಾರ್ಕರ್ ಎಲ್ಲರ ದಿನಚರಿಗಳನ್ನೂ ಬೆರಳಚ್ಚು ಮಾಡಿ ಕಾಲಕ್ರಮದಲ್ಲಿ ಜೋಡಿಸುವ ಭಾಗ ಬಂದಾಗ ಸ್ವಲ್ಪ ನಿಧಾನಿಸಿ.